ಡಾಬಕಾದ ರಕ್ತ ಕೆಟ್ಟಿರಲಿಲ್ಲ

ಶಾಹೀನ್ ಆಪಾ, ಡಾಬಕಾ ಹಳ್ಳಿಯ ಮಕ್ಕಳ ರಕ್ತ ನಿಮ್ಮ ಕೈಯಲ್ಲಿ ಕೆಡಲಿಲ್ಲ. ಕೆಟ್ಟದ್ದು ನನ್ನ ಕೈಯಲ್ಲಿದ್ದ, ಪರೀಕ್ಷೆಗೆ ಬಳಸುವ ಆಂಟಿಬಾಡಿ. ಅದು ಗೊತ್ತಾದ ಮೇಲೂ ಸುಮ್ಮನಿದ್ದೆ — ಇಷ್ಟು ವರ್ಷ.

ಬೀದರಿನ ಆ ಪ್ರಯೋಗಾಲಯದಲ್ಲಿ ನನ್ನ ಕೆಲಸ ನಿಮಗೆ ಗೊತ್ತೇ ಇತ್ತು. ರಕ್ತದಲ್ಲಿ ಎ ಜೀವಸತ್ವವನ್ನು ಹೊತ್ತು ತಿರುಗುವ ಒಂದು ಪ್ರೋಟೀನು ಮಕ್ಕಳ ಮೈಯಲ್ಲಿ ಎಷ್ಟಿದೆ ಎಂದು ನೋಡುವುದು. ಆಂಟಿಬಾಡಿ ಅದನ್ನು ಹುಡುಕಿ ಅಂಟಿಕೊಂಡರೆ ಹಾಳೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅದು ಬರುವುದು ಚಿಕ್ಕ ಶೀಶೆಯಲ್ಲಿ, ಬಲು ದುಬಾರಿ. ಬಂದ ದಿನವೇ ಅದನ್ನು ಸಣ್ಣ ನಳಿಗೆಗಳಿಗೆ ಹಂಚಿ ಹೆಪ್ಪುಗಟ್ಟಿಸಿಡಬೇಕು. ಮತ್ತೆ ಮತ್ತೆ ಕರಗಿಸಿದರೆ ಅದರ ಕಸುವು ಹೋಗುತ್ತದೆ. ಆದರೆ ನಾನು ಭಾಲ್ಕಿಯಲ್ಲಿ, ಡಬ್ಬಿಯಿಂದ ಡಬ್ಬಿಗೆ ಸುರಿದರೆ ಎಣ್ಣೆ ಸವೆಯುತ್ತದೆ ಎಂದು ಅವ್ವ ಬೈಯುತ್ತಿದ್ದ ಮನೆಯಲ್ಲಿ ಬೆಳೆದವಳು. ಹಂಚಲಿಲ್ಲ. ಇಡೀ ಶೀಶೆಯನ್ನೇ ಪ್ರತಿ ಸಲ ಕರಗಿಸಿ, ಬೇಕಾದಷ್ಟು ತೆಗೆದು, ಮತ್ತೆ ಫ್ರೀಜರಿಗೆ ತಳ್ಳುತ್ತಿದ್ದೆ. ಜಾಣತನ ಅಂದುಕೊಂಡಿದ್ದೆ!

ನೀವು ಡಾಬಕಾದಲ್ಲಿ ರಕ್ತ ತೆಗೆದು, ಔರಾದಿನಿಂದ ಐಸಿನ ಡಬ್ಬಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿರಿ. ಹಾಳೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ನಮ್ಮ ಮುಖ್ಯಸ್ಥರು ಬಂದು ನಿಂತರು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ —

“ರಕ್ತ ದಾರ್ಯಾಗೇ ಕೆಟ್ಟು ಹೋಗ್ಯದ್ರಿ, ಸರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ಮುಟ್ಟಿಕೊಂಡದ್ದು ನೀವು. “ನನ್ನ ಕೈಯಾಗೇ ಏನರ ತಪ್ಪಾಗಿರಬೇಕು ನೋಡವಾ ಜ್ಯೋತಿ,” ಎಂದು ನನ್ನನ್ನೇ ಸಮಾಧಾನ ಮಾಡಿದಿರಿ.

ಮತ್ತೆ ರಕ್ತ ತರಲು ನಿಮ್ಮನ್ನೇ ಕಳಿಸಿದರು. ನೀವು ಹೊರಡುವ ಮುನ್ನಾದಿನ ಹೊಸ ಶೀಶೆ ಬಂದಿತ್ತು. ಉಳಿದಿದ್ದ ಅದೇ ರಕ್ತವನ್ನು ಅಂದು ರಾತ್ರಿ ಅದರಿಂದ ಪರೀಕ್ಷೆಗಿಟ್ಟೆ. ಬೆಳಿಗ್ಗೆ ಗೆರೆಗಳು ಮೂಡಿದವು, ಆಪಾ — ಪ್ರತಿ ಮಗುವಿನದೂ. ನೀವಿನ್ನೂ ಬಸ್ಸಿನಲ್ಲಿದ್ದಿರಿ. ಒಂದು ಫೋನು ಮಾಡಿದ್ದರೆ ನೀವು ಹಾದಿಯಿಂದಲೇ ತಿರುಗಿ ಬರುತ್ತಿದ್ದಿರಿ. ಮಾಡಲಿಲ್ಲ.

“ನಮ್ಮ ಕೂಸಿನ ರಕ್ತ ನಳದ ನೀರಂತ ತಿಳಿದೀರೇನ್ರಿ?” ಎಂದು ಡಾಬಕಾದ ಒಬ್ಬ ತಾಯಿ ಬಾಗಿಲು ಹಾಕಿಕೊಂಡದ್ದನ್ನು ಮರುದಿನ ನಗುತ್ತಲೇ ಹೇಳಿದಿರಿ. ಎದುರಿಗಿದ್ದ ಚಹಾ ಮಾತ್ರ ಮುಟ್ಟಲಿಲ್ಲ. ಆಮೇಲೆ ನಿಮ್ಮನ್ನು ಹಳ್ಳಿಗಳಿಗೆ ಕಳಿಸುವುದನ್ನೇ ನಿಲ್ಲಿಸಿದರು. ಈಗ ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತೀರಂತೆ. ಮಕ್ಕಳನ್ನು ಮಾತಿನಲ್ಲಿ ಮರೆಸಿ ಸೂಜಿ ಚುಚ್ಚುತ್ತಿದ್ದ ಕೈ ಅದು...

ಹೆದರಿದ್ದೆ ಎಂದರೆ ಅದೂ ಒಂದು ನೆಪ. ನೀವೆಂದರೆ ನನಗೆ ಬಹಳ ಪ್ರೀತಿ — ಆ ಪ್ರೀತಿ ಇದ್ದೂ ಹೀಗೆ ಮಾಡಿದೆ.

ನಿನ್ನೆ ಡಾಬಕಾಕ್ಕೆ ಹೋಗಿ ಆ ತಾಯಿಯ ಮುಂದೆ ಎಲ್ಲ ಹೇಳಿ ಅತ್ತೆ. ಆಕೆ ಕೇಳಿದಳು:

“ಆ ಸೂಜಿ ಅಕ್ಕೋರಿಗಿ ಹೇಳೀರೇನ್ರಿ?”

ಇಲ್ಲ ಎಂದೆ.

“ಮತ್ತ ನನ್ನ ಮುಂದ ಯಾಕ ಅಳ್ತೀರಿ? ಹೋಗ್ರಿ ಮದಲ.”

ನಾಳೆ ನೌಬಾದಿನ ನಿಮ್ಮ ಮನೆಗೆ ಬರುತ್ತೇನೆ, ಆಪಾ. ಇದನ್ನೆಲ್ಲ ನಿಮ್ಮ ಮುಖ ನೋಡಿ ಹೇಳುತ್ತೇನೆ.