ಯೆನ್ ಏರುವವರೆಗೆ

ಕಂಪ್ಯೂಟರುಗಳ ವೈಟುಕೆ ಗಲಾಟೆಯ ಕಾಲದಲ್ಲಿ ಪಿಸ್ಕಾಟವೇಯ ನಮ್ಮ ಕಂಪನಿ ನನ್ನನ್ನು ಒಂದು ಬೇಸಿಗೆಯ ಮಟ್ಟಿಗೆ ಟೋಕಿಯೋಗೆ ಕಳಿಸಿತು. ಸಂಬಳದ ಡಾಲರು ನಾವಿದ್ದ ಊರು ಮೆಟುಚೆನ್‌ನ ಮನೆ ಬಾಡಿಗೆ, ದಿನಸಿಗೇ ಮುಗಿಯುತ್ತಿತ್ತು. ಕೈಯಲ್ಲಿ ಉಳಿಯುತ್ತಿದ್ದದ್ದು ಜಪಾನಿನ ದಿನಭತ್ಯೆ ಮಾತ್ರ. ಅದು ಯೆನ್‌ನಲ್ಲಿ. ಆ ಯೆನ್ ಡಾಲರಿನೆದುರು ದಿನೇ ದಿನೇ ಇಳಿಯುತ್ತಿತ್ತು.

ಮೆಟುಚೆನ್‌ನ ಮೂರನೇ ಮಹಡಿಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ. ಮನೆಯಲ್ಲಿ ಎ.ಸಿ. ಇರಲಿಲ್ಲ.

"ರೀ, ಕಿಟಕಿಗೆ ಹಾಕೋ ಎ.ಸಿ.ಗೆ ದುಡ್ಡು ಕಳಿಸಿ. ಹೀಟ್ ವೇವ್ ಅಂತೆ, ಮಲಗಕ್ಕೇ ಆಗ್ತಿಲ್ಲ," ಎಂದಳು ಫೋನಿನಲ್ಲಿ.

"ಒಂದು ವಾರ ತಡ್ಕೋ. ಈಗ ಚೇಂಜ್ ಮಾಡಿದ್ರೆ ಲಾಸು. ಯೆನ್ ಮೇಲೆ ಬರತ್ತೆ."

"ಅದು ಮೇಲೆ ಬರೋದ್ರೊಳಗೆ ಮಗು ಹೊರಗೆ ಬಂದಿರತ್ತೆ."

ತಮಾಷೆಗೆ ಹೇಳಿದಳೆಂದು ನಕ್ಕೆ.

ಟೋಕಿಯೋದ ಸೆಕೆಯೂ ಸಾಮಾನ್ಯದ್ದಲ್ಲ. ಅಲ್ಲಿನವರನ್ನು ನೋಡಿ ನಾನೂ ಪುಟ್ಟ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ನಡೆಯುತ್ತಿದ್ದೆ. ಟೋಕನ್ ತೆಗೆದುಕೊಂಡು, ಅಲ್ಲಿನ ಎ.ಸಿ.ಯಲ್ಲಿ ತಣ್ಣಗೆ ಕೂತು, ಗೋಡೆಯ ಮೇಲಿನ ದರ ನೋಡಿ, ನಾಳೆ ನೋಡೋಣವೆಂದು ಎದ್ದು ಬರುತ್ತಿದ್ದೆ. ಕೌಂಟರಿನ ಹೆಂಗಸು ಪ್ರತಿದಿನವೂ ಸೊಂಟ ಬಾಗಿಸಿ ವಂದಿಸುತ್ತಿದ್ದಳು. ನನ್ನನ್ನು ದೊಡ್ಡ ಗಿರಾಕಿಯೆಂದು ತಿಳಿದಿದ್ದಾಳೆಂಬ ಭ್ರಮೆ ನನಗಿತ್ತು. ಒಂದು ದಿನ ಕಾಗದದ ಬೀಸಣಿಗೆಯೊಂದನ್ನು ಎರಡೂ ಕೈಯಿಂದ ಕೊಟ್ಟಳು. ನಾನು ಬರುವುದು ಯಾಕೆಂದು ಅವಳಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಬಂದವರಿಗೆಲ್ಲ ಕೊಟ್ಟಳೋ ಏನೋ. ನನ್ನ ನೆನಪಿನಲ್ಲಿ ಮಾತ್ರ ಎಲ್ಲವೂ ನನಗಾಗಿಯೇ ನಡೆದಿರುತ್ತದೆ.

ಮೂರನೇ ವಾರ ಹೆಂಡತಿಯೇ ಫೋನು ಮಾಡಿದಳು.

"ದುಡ್ಡು ಬೇಡ ಬಿಡಿ. ಎ.ಸಿ. ಬಂತು. ಕೆಳಗಿನ ಮನೆ ಆಂಟಿ ವೆಸ್ಟ್ ವಿಂಡ್ಸರ್‌ನಲ್ಲಿ ಮನೆ ತಗೊಂಡ್ರಲ್ಲ, ಅಲ್ಲಿ ಇಡೀ ಮನೆಗೇ ಸೆಂಟ್ರಲ್ ಏರ್ ಇದೆ. ಹಳೇದನ್ನ ನಮಗೆ ಕೊಟ್ರು."

"ಎಷ್ಟಕ್ಕೆ?"

"ದುಡ್ಡು ತಗೊಳ್ಳಲಿಲ್ಲ. ಗೃಹಪ್ರವೇಶಕ್ಕೆ ಇನ್ನೂರು ಚಕ್ಕುಲಿ ಮಾಡ್ಕೊಟ್ಟೆ."

"ನೋಡಿದ್ಯಾ? ಕಾದಿದ್ದು ಒಳ್ಳೇದೇ ಆಯ್ತು!"

ಅವಳು ಏನೆಂದಳೋ ನೆನಪಿಲ್ಲ.

ಯೆನ್ ಮೇಲೆದ್ದದ್ದು, ನಾನು ಕೊನೆಯ ನೋಟನ್ನೂ ಡಾಲರಿಗೆ ಬದಲಾಯಿಸಿಕೊಂಡು ಮೆಟುಚೆನ್‌ಗೆ ಮರಳಿದ ಮೇಲೆ. ಆದರೂ ಎಷ್ಟೋ ವರ್ಷ, ನನ್ನ ತಾಳ್ಮೆಯಿಂದ ಎ.ಸಿ.ಯ ದುಡ್ಡು ಉಳಿಯಿತೆಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬರೀ ನೆನಪನ್ನೇ ನಂಬಿದ್ದರೆ ಇಂದಿಗೂ ಹಾಗೇ ಹೇಳುತ್ತಿದ್ದೆ. ಮೊನ್ನೆ ಆ ವರ್ಷದ ಡೈರಿ ಸಿಕ್ಕಿತು. ಪ್ರತಿ ಪುಟದಲ್ಲೂ ಯೆನ್ ದರ, ದಶಾಂಶದ ನಂತರ ಎರಡು ಅಂಕಿಯವರೆಗೆ. ಫೋನು ಬಂದ ದಿನದ ಪುಟದಲ್ಲಿ ದರದ ಕೆಳಗೆ ಎರಡೇ ಪದ: "ಎ.ಸಿ. ಫ್ರೀ."

ಆ ಸೆಕೆಯಲ್ಲಿ, ಆ ಹೊಟ್ಟೆ ಹೊತ್ತು, ಇನ್ನೂರು ಚಕ್ಕುಲಿ. ಓದುತ್ತ ಕೂತವನಿಗೆ ಅದು ಆಗ ಹೊಳೆಯಿತು. ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ: "ಅವತ್ತು ಆ ಇನ್ನೂರು ಚಕ್ಕುಲಿಗೆ ಬಾಣಲೆ ಮುಂದೆ ನೀನು ಎಷ್ಟು ಹೊತ್ತು ನಿಂತಿದ್ದೆ?"

"ಯಾರಿಗೆ ನೆನಪಿರತ್ತೆ? ನಿಮ್ಮ ಡೈರೀಲೇ ನೋಡಿ," ಎಂದಳು.