ನಕ್ಕನು

ಅಪ್ಪನ ಮನೆಮಾತು ಒಂದು, ಅಮ್ಮನದು ಇನ್ನೊಂದು. ಹಾಗಾಗಿ ಶಾಲೆಯಲ್ಲಿ ಅವನಿಗೆ ‘ಎರಡು ನಾಲಿಗೆ’ ಎಂದು ಹೆಸರು ಬಿತ್ತು. ಐದು ಕಾದಂಬರಿ, ಮೂರು ನಾಟಕ ಬರೆದು ಹೆಸರು ಮಾಡಿದ ಮೇಲೂ ನಾಟಕ ಮಂಡಳಿಯವರು ಸಲುಗೆಯಿಂದ ಹಾಗೇ ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಆ ಹೆಸರು ತನಗೆ ಎಷ್ಟು ಒಪ್ಪುತ್ತದೆಂದು ಅವನಿಗೆ ಗೊತ್ತಿತ್ತು.

ದರ್ಜಿಗೂ ಗೊತ್ತಿತ್ತು. ಮಂಡಳಿಯ ವೇಷಗಳನ್ನೆಲ್ಲ ಹೊಲಿಯುವ ಈ ದರ್ಜಿ ಹದಿನೇಳು ವರ್ಷಗಳಿಂದ ಅವನ ಬಾಳಸಂಗಾತಿ. ಕೇಳಿದವರಿಗೆ ಮಾತ್ರ “ದೂರದ ನೆಂಟರು” ಎಂಬ ಉತ್ತರ ಸಿದ್ಧವಿತ್ತು. ಅಮ್ಮನ ಹತ್ತಿರ ಅಷ್ಟೂ ಬೇಕಾಗಲಿಲ್ಲ. ಅವಳ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ. ಜೊತೆಗಿರುವವರ ಬಗ್ಗೆ ಮಗ ಹೇಳಿದ್ದು ಕೇಳಿ ಅವಳು ಸೊಸೆಯನ್ನು ಕಲ್ಪಿಸಿಕೊಂಡಳು. ಅಲ್ಲವೆನ್ನಲು ಇವನಿಗೆ ನಾಲಿಗೆ ಹೊರಳಲಿಲ್ಲ. “ಒಂದ್ಸಲ ಕರ್ಕೊಂಡು ಬಾರೋ” ಎನ್ನುತ್ತಲೇ ಅವಳು ಕಣ್ಣು ಮುಚ್ಚಿದಳು.

ಅವನು ಬರೆಯುತ್ತಿದ್ದುದು ಅಪ್ಪನ ಭಾಷೆಯಲ್ಲಿ, ಅಂದರೆ ನಮ್ಮದರಲ್ಲಿ. ಇಲ್ಲಿ ಗಂಡೋ ಹೆಣ್ಣೋ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಐದನೆಯ ಕಾದಂಬರಿಯಲ್ಲಿ ಅವನು ದರ್ಜಿಯನ್ನೇ ಬರೆದ: ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು, ಸಿಟ್ಟು ಬಂದರೆ ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದು. ಬರೆದು ಮುಗಿಸಿದ ಮೇಲೆ ಧೈರ್ಯ ಸಾಲದೆ, ಹಸ್ತಪ್ರತಿಯ ಉದ್ದಕ್ಕೂ ‘ನು’ ಹೊಡೆದು ‘ಳು’ ಮಾಡಿದ. ಬಂದನು ಬಂದಳಾಯಿತು. ಪುಸ್ತಕ ಚೆನ್ನಾಗಿ ಓಡಿತು. “ಹೆಣ್ಣಿನ ಮನಸ್ಸು ಎಷ್ಟು ಬಲ್ಲಿರಿ!” ಎಂದು ಓದುಗರು ಹೊಗಳಿದಾಗ ಅವನು ನಾಚಿಕೆಯಿಂದ ಹಿಡಿಯಷ್ಟಾದ.

ಅದೇ ಕಥೆಯನ್ನು ನಾಟಕ ಮಾಡಿದಾಗ ನಾಯಕಿಯ ಉಡುಪು ಹೊಲಿಯುವ ಕೆಲಸ ದರ್ಜಿಗೇ ಬಂತು. “ನನ್ನ ಅಳತೆಗೇ ಹೊಲೀಲಾ?” ಎಂದು ಕೇಳಿದ. ತಮಾಷೆಯೇ, ಆದರೆ ನಗಲಿಲ್ಲ.

ತಾಲೀಮಿನ ಮೊದಲ ದಿನ ನಟಿ ಕಾದಂಬರಿಯ ಒಂದು ಪುಟ ಓದುತ್ತ ತಡೆದು ನಿಂತಳು. “ಸಾರ್, ಇಲ್ಲಿ ‘ಕನ್ನಡಿ ನೋಡಿ ನಕ್ಕನು’ ಅಂತಿದೆ. ಇವಳು ಯಾವಾಗ ಗಂಡಸಾದ್ಲು?”

ಎಲ್ಲರೂ ಗೊಳ್ಳೆಂದರು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ಎದ್ದು ನಿಂತು ಕೂಗಾಡಿದ. “ಅಚ್ಚಿನ ತಪ್ಪು ಕಣಮ್ಮಾ! ಅಂಥ ಗಂಡಸು ಯಾರೂ ಇಲ್ಲ!”

ಬಾಗಿಲಲ್ಲಿ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ದರ್ಜಿ ನಿಂತಿದ್ದ.

ಮನೆಯಲ್ಲಿ ದರ್ಜಿ ಆ ಮಾತೆತ್ತಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ಊಟ ಬಡಿಸಿ, “ಉಪ್ಪು ಸರಿಯಿದ್ಯಾ?” ಎಂದನಷ್ಟೆ. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ತಿಂಗಳ ನಂತರ ಎರಡನೆಯ ಮುದ್ರಣದ ಕರಡು ಬಂತು. ಕರಡು ತಿದ್ದುವಾಕೆ ‘ನಕ್ಕನು’ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ತಪ್ಪು?’ ಎಂದು ಬರೆದಿದ್ದಳು. ಅವನು ಅದನ್ನು ಹಾಗೇ ಹಿಡಿದುಕೊಂಡು ಹೊಲಿಗೆ ಕೋಣೆಗೆ ಹೋದ. ದರ್ಜಿಯ ಕಣ್ಣೆದುರೇ ಆ ಪ್ರಶ್ನೆಯನ್ನು ಹೊಡೆದುಹಾಕಿ, ‘ಇದೊಂದೇ ಸರಿ. ಮಿಕ್ಕಿದ್ದೆಲ್ಲ ತಪ್ಪು’ ಎಂದು ಅಂಚಿನಲ್ಲಿ ಬರೆದ.

ದರ್ಜಿ ಓದಿದ. ಬಾಯಿಂದ ಗುಂಡುಸೂಜಿ ತೆಗೆದ.

“ಮಿಕ್ಕಿದ್ದು ಎಷ್ಟಿದೆ?”

“ನಾನೂರು ಚಿಲ್ಲರೆ.”

“ಹದಿನೇಳು ವರ್ಷದ್ದಲ್ವಾ, ಇರುತ್ತೆ” ಎಂದು ಸ್ಟೂಲನ್ನು ಕಾಲಿನಿಂದ ಇವನತ್ತ ತಳ್ಳಿದ. “ಕೂತ್ಕೋ. ಒಂದೊಂದೇ ಬಿಚ್ಚು.”