‘ಆಯಿತು’ ಎನ್ನಲೊಪ್ಪದ ಪ್ರಣೀತಾ

ಮಹಾಪೆಯ ಕಚೇರಿಗೆ ಬಂದ ಕೂಡಲೇ ಪ್ರಣೀತಾ ಒಂದು ಪರೀಕ್ಷೆ ನಡೆಸುತ್ತಾರೆ. ಕಂಪನಿ ತಯಾರಿಸುವ ಡೇಟಾಬೇಸ್‌ಗೆ ಅದರಿಂದಾಗದ ಕೆಲಸವೊಂದನ್ನು ಹೇಳಿ, ಅದು ಏನು ಉತ್ತರ ಕೊಡುತ್ತದೆಂದು ನೋಡುವುದು. ಆ ಬುಧವಾರ ಪರದೆಯ ಮೇಲೆ ಕೆಂಪು ಸಾಲು ಮೂಡಿತು: ‘ಎರರ್ 47. ಈ ಡಿಸ್ಕ್‌ನಲ್ಲಿ ಈ ಆಯ್ಕೆ ನಡೆಯುವುದಿಲ್ಲ.’ ಅವರು ನಿರಾಳವಾಗಿ ಚಹಾ ಎತ್ತಿಕೊಂಡರು. ಇನ್ನೂ ಹೊರಬೀಳದ ಹೊಸ ಆವೃತ್ತಿಯ ಆ ಸಾಲು ಅವರದೇ ಕೆಲಸ.

ಹಳೆಯ ಆವೃತ್ತಿ ಹೀಗೆ ಹೇಳುತ್ತಿರಲಿಲ್ಲ. ಅದರಲ್ಲಿ ಒಂದು ಆಯ್ಕೆಯಿದೆ: ಮಾಹಿತಿ ಡಿಸ್ಕ್‌ನಲ್ಲಿ ಭದ್ರವಾಗಿ ಕೂತ ಮೇಲಷ್ಟೇ ‘ಆಯಿತು’ ಎಂಬ ಉತ್ತರ ಬರಬೇಕು. ಕೆಲವು ಅಗ್ಗದ ಡಿಸ್ಕ್‌ಗಳಲ್ಲಿ ಅದು ಸಾಧ್ಯವಿಲ್ಲ. ಅಲ್ಲೂ ಸಾಫ್ಟ್‌ವೇರ್ ‘ಆಯಿತು’ ಎನ್ನುತ್ತಿತ್ತು. ಕಳೆದ ಮಳೆಗಾಲ ಅಂಥ ಡಿಸ್ಕ್ ಇದ್ದ ಕಲ್ಯಾಣದ ಲ್ಯಾಬೊಂದರಲ್ಲಿ ಕರೆಂಟು ಹೋದಾಗ, ಅಂದು ಬೆಳಗಿನ ರಕ್ತಪರೀಕ್ಷೆಯ ವರದಿಗಳೆಲ್ಲ ಅಳಿಸಿಹೋದವು. ಜನ ಮರುದಿನ ಮತ್ತೆ ಖಾಲಿ ಹೊಟ್ಟೆಯಲ್ಲಿ ಬಂದು ತೋಳು ಚಾಚಿದರು.

ಪ್ರಣೀತಾ ಬರೆದ ತಿದ್ದುಪಡಿಯ ಪ್ರಕಾರ, ಡಿಸ್ಕ್‌ಗೆ ಆಗದ ಆಯ್ಕೆ ಕೇಳಿದರೆ ಸಾಫ್ಟ್‌ವೇರ್ ಶುರುವೇ ಆಗುವುದಿಲ್ಲ. ಮ್ಯಾನೇಜರ್ ಲಕ್ಷ್ಮೀಕಾಂತರಿಗೆ ಇದು ಹಿಡಿಸಲಿಲ್ಲ. ಅವರು ಬೆಂಗಳೂರಿನವರು; ಪ್ರಣೀತಾರೊಡನೆ ಕನ್ನಡದಲ್ಲೇ ಮಾತು.

“ರೀ, ಎರರ್ ತೆಗೆದು ವಾರ್ನಿಂಗ್ ಮಾಡಿ. ಸಾಫ್ಟ್‌ವೇರ್ ಓಡ್ತಾ ಇರುತ್ತೆ, ಅದು ಬರೆದಿಡೋ ಲಾಗ್‌ನಲ್ಲಿ ಒಂದು ಸಾಲು ಬಿದ್ದಿರುತ್ತೆ, ಸಾಕು.”

“ಲಾಗ್ ಯಾರು ಓದ್ತಾರೆ ಸರ್?”

“ಯಾರೂ ಓದಲ್ಲ, ಅದಕ್ಕೇ ಹೇಳ್ತಿರೋದು. ಅಪ್‌ಗ್ರೇಡ್ ಆದ ತಕ್ಷಣ ಎಲ್ಲರದ್ದೂ ಬಂದ್ ಆದ್ರೆ ಫೋನ್ ಯಾರು ಎತ್ತೋದು?”

“ನಾನು ಎತ್ತುತ್ತೇನೆ. ಆಗದ್ದನ್ನು ಆಯ್ತು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ.”

“ದೊಡ್ಡ ಮೇಡಂ! ಒಪ್ಪಿಗೆ ಕೊಡದಿದ್ರೆ ಈ ಟೀಮಲ್ಲಿ ನಿಮಗೆ ಜಾಗ ಇರಲ್ಲ.”

ಅಲ್ಲಿಯ ರೂಢಿಯಂತೆ, ಯಾವ ಭಾಗವನ್ನು ಯಾರು ಬರೆದರೋ ಅವರು ಒಪ್ಪಿಗೆಯ ಗುಂಡಿ ಒತ್ತದೆ ಆವೃತ್ತಿ ಹೊರಬೀಳುವುದಿಲ್ಲ. ವಾರ್ನಿಂಗ್ ಇರುವ ಆವೃತ್ತಿಗೆ ಪ್ರಣೀತಾ ಅದನ್ನು ಒತ್ತಲಿಲ್ಲ.

ಅವರ ಮನೆ ಕೋಪರಿಯಲ್ಲಿ. ತಂದೆ ಮುಂಡಪ್ಪ ನೌಪಾಡಾದಲ್ಲಿ ಸಣ್ಣ ಹೋಟೆಲು ನಡೆಸುತ್ತಾರೆ. ಬಾಳೆಹಣ್ಣಿನ ಬನ್ಸ್ ಮುಗಿದ ಕ್ಷಣವೇ ಬಾಗಿಲಿನ ಕಪ್ಪುಹಲಗೆಯಿಂದ ಅದರ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅಲ್ಲಿಯ ಕ್ರಮ. ಚಿಕ್ಕಂದಿನಲ್ಲಿ ಶಾಲೆಗೆ ರಜೆಯಿದ್ದಾಗ ಆ ಕೆಲಸ ಮಗಳದ್ದಾಗಿತ್ತು. ಅಂದು ಊಟಕ್ಕೆ ಕೂತು ನಡೆದದ್ದೆಲ್ಲ ಕೇಳಿಸಿಕೊಂಡ ಮುಂಡಪ್ಪ ನಕ್ಕರು.

“ಬನ್ಸ್ ಉಂಟು ಅಂತ ಕೂರಿಸಿ ಪೂರಿ ತಂದಿಟ್ಟರೆ ಗಿರಾಕಿ ಸುಮ್ಮನಿರ್ತಾನಾ ಮಗಾ?”

“ಇವರು ಪೂರಿಯನ್ನೂ ಇಡುದಿಲ್ಲ ಪಪ್ಪಾ. ಖಾಲಿ ಪ್ಲೇಟಿಟ್ಟು ಬನ್ಸ್ ಅಂತಾರೆ.”

“ಕೆಲಸ ಹೋದ್ರೆ ಬಾ. ಒದ್ದೆ ಬಟ್ಟೆ ಅಲ್ಲೇ ಉಂಟು.”

ಶುಕ್ರವಾರ ಲಕ್ಷ್ಮೀಕಾಂತ ಎರಡು ಸಲ ಕರೆಸಿದರು. ಎರಡು ಸಲವೂ ಉತ್ತರ ಬದಲಾಗಲಿಲ್ಲ. ಸಂಜೆ ಅವರೇ ಪ್ರಣೀತಾರ ಮೇಜಿನ ಬಳಿ ಬಂದರು.

“ಆಯ್ತು, ವರ್ಷನ್ ಇವತ್ತೇ ಹೋಗ್ಬೇಕು, ಎರರ್ ಇರ್ಲಿ. ನೀವು ಮಾತ್ರ ಕೆಳಗಿನ ಸಪೋರ್ಟ್ ಟೀಮಿಗೆ ಹೋಗಿ, ಕಸ್ಟಮರ್ ಫೋನ್ ಎತ್ತಿ. ಬರೋ ಬೈಗುಳ ಎಲ್ಲಾ ನಿಮ್ಮದೇ.”

“ಹೆಡ್‌ಫೋನ್ ಕೊಡಿಸಿ ಸರ್, ನನ್ನದು ಹಾಳಾಗಿದೆ,” ಎಂದು ಪ್ರಣೀತಾ ಗುಂಡಿ ಒತ್ತಿದರು.

ಎರರ್ 47ರ ಸಮೇತ ಹೊಸ ಆವೃತ್ತಿ ಅಂದೇ ಹೊರಬಿತ್ತು. ಸೋಮವಾರದಿಂದ ಅವರು ಕೂರುವುದು ಕೆಳಮಹಡಿಯಲ್ಲಿ. ಅಂದು ಮೊದಲು ಅಪ್‌ಗ್ರೇಡ್ ಆಗಲಿರುವುದು ಕಲ್ಯಾಣದ ಲ್ಯಾಬ್. ಅಲ್ಲಿಯ ಡಿಸ್ಕ್ ಇನ್ನೂ ಅದೇ ಹಳೆಯ ಅಗ್ಗದ್ದು.